ಮನೆಯ ವೇಬಿಲ್ಲು

ರಾತ್ರಿ ಎಂಟಕ್ಕೆ ಮಡಿಕೇರಿ ಡಿಪೋದ ಕಿಟಕಿಯಲ್ಲಿ
ಚೀಲ ಬೋರಲು ಹಾಕಿ ಎಣಿಸುತ್ತೇನೆ:
ಮಕ್ಕಂದೂರಿನ ಹತ್ತು, ಹಟ್ಟಿಹೊಳೆಯ ಇಪ್ಪತ್ತು,
ಮಾದಾಪುರದಲ್ಲಿ ಹತ್ತಿದ ಅಜ್ಜ
ಎಲೆಯಡಿಕೆ ಸಂಚಿಯಿಂದ ಬಿಡಿಸಿ ಕೊಟ್ಟ
ಸುಣ್ಣ ಮೆತ್ತಿದ ಐವತ್ತು.
ಒಂದು ರೂಪಾಯಿ ಆಚೀಚೆ ಆಗುವ ಹಾಗಿಲ್ಲ.
ಹನ್ನೊಂದು ವರ್ಷದಲ್ಲಿ ಆಗಿದ್ದೂ ಇಲ್ಲ.

ಅದೇ ನಾನು, ತಿಂಗಳ ಹದಿನೆಂಟಕ್ಕೆ,
ಸಾಸಿವೆ ಡಬ್ಬಿಯೊಳಗೆ ಬೆರಳಾಡಿಸಿ
ಬರೀ ಸಾಸಿವೆ ಸಿಕ್ಕಿ
ಕುಶಾಲಪ್ಪನ ಮುಖ ನೋಡುತ್ತೇನೆ.
ಅವನು ನನ್ನದು ನೋಡುತ್ತಾನೆ.
ಎಲ್ಲಿ ಹೋಯಿತು ಅಂತ ಮೊದಲು ಕೇಳಿದ್ದು ಯಾರೋ,
ಜಗಳ ಮಾತ್ರ ನೆನಪಿದೆ:
ನಿನ್ನ ಭಾನುವಾರದ ಹಂದಿಮಾಂಸ,
ನಿನ್ನ ಕಡೆಯವರ ಮುಗಿಯದ ಮದುವೆಗಳು.

ಹೊಸ ವರ್ಷಕ್ಕೆ ಬಜೆಟ್ ಮಾಡೋಣವೆಂದು
ಮಗಳ ಸ್ಕೇಲಿಟ್ಟು ಗೆರೆ ಎಳೆದೆ.
ಅಕ್ಕಿಗೆ ಇಷ್ಟು. ಗ್ಯಾಸಿಗೆ ಇಷ್ಟು.
"ಎಲ್ಲಿಂದ ತಂದೆ ಈ ಇಷ್ಟು?" ಅಂದಳು
ಕ್ಯಾಷ್ ಕೌಂಟರಿನ ರೋಸ್ಲಿನ್,
ನೋಟಿನ ಕಟ್ಟಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತ.
"ರೂಟೇ ಗೊತ್ತಿಲ್ಲದೆ ದರಪಟ್ಟಿ ಬರೆದ ಹಾಗಾಯ್ತು.
ಒಂದು ತಿಂಗಳು ಸುಮ್ಮನೆ ಬರಿ.
ಬೈಬೇಡ. ತಿದ್ದಬೇಡ. ಉಳಿಸಲೂ ಹೋಗಬೇಡ.
ಯಾರು ಹತ್ತಿದರು, ಎಲ್ಲಿ ಇಳಿದರು, ಅಷ್ಟೇ."

ಫ್ರಿಜ್ಜಿನ ಮೇಲೊಂದು ನೋಟ್‌ಬುಕ್ಕು,
ದಾರ ಕಟ್ಟಿದ ಪೆನ್ನು.
ಮೊದಲ ವಾರ ಇಬ್ಬರೂ ಸುಳ್ಳು ಬರೆದೆವು.
ನಾನು ಹಾಲು, ಸೊಪ್ಪು, ಹಾಲು.
ಅವನು ಪೆಟ್ರೋಲು, ಪೆಟ್ರೋಲು.
ಎಂಟನೇ ದಿನ ಮಗಳು ಕೆಂಪು ಸ್ಕೆಚ್ ಪೆನ್ನಿನಲ್ಲಿ
ಸಾಲು ಬಿಟ್ಟು ಬರೆದಳು:
ಪಪ್ಪ ಪಪ್ಸ್ ತಿಂದ, ನನಗೂ ಕೊಡಿಸಿದ, ನಲವತ್ತು.
ಅಲ್ಲಿಂದ ಪುಸ್ತಕ ಬಾಯಿ ಬಿಟ್ಟಿತು.

ಅವನ ರಿವೈಂಡಿಂಗ್ ಅಂಗಡಿಯ ಎದುರಿನ ಟೀ,
ದಿನಕ್ಕೆ ನಾಲ್ಕು, ಅದರಲ್ಲಿ ಎರಡು
ಪಂಪು ರಿಪೇರಿಗೆ ತಂದವರಿಗೆ,
ರಿಪೇರಿ ಕಾಸು ಕೊಡದೆ ಹೋದವರಿಗೂ.
ಮೊಬೈಲಿನಿಂದ ಮೂರು ಸಲ ಇಪ್ಪತ್ತೊಂಬತ್ತು,
ಯಾರಿಗೆ ಅಂತ ಮೊಬೈಲಿಗೇ ಗೊತ್ತು.
ಮುಯ್ಯಿ ಐನೂರ ಒಂದು, ಐಗೂರು.
ಮುಯ್ಯಿ ಐನೂರ ಒಂದು, ಮೂರ್ನಾಡು.
ಆ ಒಂದನ್ನು ಬೇರೆ ಸಾಲಿನಲ್ಲಿ ಬರೆದಿದ್ದ.
ಯಾಕೆ ಅಂದೆ. ಅದು ಖರ್ಚಲ್ಲ ಅಂದ.

ಹೆಂಗಸರಿಗೆ ಹರಿದು ಕೊಡುವ ಸೊನ್ನೆ ಟಿಕೆಟ್ಟಿಗೂ
ನನ್ನ ಲೆಕ್ಕದಲ್ಲಿ ಜಾಗ ಉಂಟು.
ಖರ್ಚಿಲ್ಲದ ದಿನ ಸೊನ್ನೆ ಬರೆಯೋಣ ಅಂದುಕೊಂಡೆವು.
ಇಡೀ ಜನವರಿಗೆ ಒಂದೇ ಸೊನ್ನೆ:
ಮೂವರಿಗೂ ಜ್ವರ ಬಂದ ದಿನ.
ಮಾತ್ರೆ ಹಿಂದಿನ ದಿನವೇ ತಂದಿದ್ದೆವು.

ಮೂವತ್ತೊಂದರ ರಾತ್ರಿ ಕೂಡಿಸಲು ಕೂತೆವು.
ಹಂದಿಮಾಂಸ ನಾನು ಕೂಗಾಡಿದ್ದರ ಅರ್ಧವೂ ಇರಲಿಲ್ಲ.
ಮದುವೆಗಳಲ್ಲಿ ಒಂದು ಅವನ ಕಡೆಯದೇ.
ಆದರೆ ಅಲ್ಲಲ್ಲಿ, ನನ್ನದೇ ಕೈಬರಹದಲ್ಲಿ,
"ಕೈಯಿಂದ ಹಾಕಿದ್ದು": ಏಳು. ಹನ್ನೆರಡು.
ಮತ್ತೆ ಐದು. ಒಂದು ಕಡೆ ನಲವತ್ತು.
ಏನಿದು ಅಂದ.

ಏನೆನ್ನಲಿ.
ಕಂಡಕ್ಟ್ರಕ್ಕ, ಐದು ಕಮ್ಮಿ ಉಂಟು, ನಾಳೆ ಕೊಡ್ತೇನೆ,
ಅನ್ನುವ ಶಾಲೆ ಹುಡುಗ;
ತಿರುವಿನಲ್ಲಿ ಜೋಲಿ ಹೊಡೆದು
ಹತ್ತರ ಬದಲು ಇಪ್ಪತ್ತು ವಾಪಸು ಕೊಟ್ಟ ನನ್ನ ಕೈ;
ಡಿಪೋದ ಕಿಟಕಿಗೆ ಬರುವ ಮುಂಚೆ
ಸೀಟಿನ ಮರೆಯಲ್ಲಿ ನನ್ನ ಪರ್ಸು ತೆರೆದು
ಅವರ ಚೀಲ ತುಂಬಿಸಿ,
ತಪ್ಪಿಲ್ಲದವಳಾಗಿ ನಿಂತದ್ದು.

ಮುನ್ನೂರ ಎಂಬತ್ತಾರು.
ಮಗಳು ಹನ್ನೊಂದು ವರ್ಷಕ್ಕೆ ಗುಣಿಸಿ
ಕ್ಯಾಲ್ಕುಲೇಟರ್ ನಮ್ಮ ಕಡೆ ತಿರುಗಿಸಿದಳು:
ಐವತ್ತು ಸಾವಿರದ ಒಂಬೈನೂರ ಐವತ್ತೆರಡು.
ಕುಶಾಲಪ್ಪ ಬೈಯಲಿಲ್ಲ. ನಿಯಮ ಹಾಗೆ.
ಎದ್ದು ಹೋಗಿ ಕರಿಕಾಫಿ ಕಾಸಿ ತಂದ,
ಬೆಲ್ಲ ಎಷ್ಟು ಹಾಕಿದೆ ಅಂತ ಬರೆದ ಬೇರೆ.

ಹೊಸ ಹಾಳೆ. ಮತ್ತೆ ಸ್ಕೇಲು.
ಅಕ್ಕಿಗಿಂತ ಮೊದಲು ಅವನೇ ಬರೆದ:
ಕೈಯಿಂದ, ನೂರೈವತ್ತು.

ಇಷ್ಟು ದಿನ ಟಿಕೆಟ್ಟಿನ ಬೆನ್ನಿಗೆ
ನಾನು ಕೊಡಬೇಕಾದ ಚಿಲ್ಲರೆ ಬರೆಯುತ್ತಿದ್ದೆ.
ಇವತ್ತು ಬೆಳಗ್ಗೆ, ಮಂಜಿಗೆ ಹಟ್ಟಿಹೊಳೆ ಕಾಣದಿದ್ದಾಗ,
ಅದೇ ಹುಡುಗನಿಗೆ ಬರೆದು ಕೊಟ್ಟೆ: ಐದು, ನನಗೆ.
ಅವನು ಟಿಕೆಟ್ಟನ್ನು ತಿರುಗಿಸಿ ಮುರುಗಿಸಿ ಓದಿ
ನಕ್ಕು, ಜೋಪಾನವಾಗಿ
ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡ.