ಬಿಲ್ಲಿಂಗ್ ಕೌಂಟರಿನ ಗ್ಲಾಡಿಸ್ ಬಾಯಿ

ನೋಡು ಮಿಸ್ರಿಯಾ,
ತೊಕ್ಕೊಟ್ಟಿನಿಂದ ಕಂಕನಾಡಿಗೆ ಬರುವಾಗ
ನೇತ್ರಾವತಿ ಸೇತುವೆಯ ಮೇಲೆ ನೆಟ್‌ವರ್ಕ್ ಹೋಗುತ್ತದೆ.
ಪಾಠ ಅರ್ಧದಲ್ಲೇ ಗಿರಗಿರ ಸುತ್ತುತ್ತ ನಿಲ್ಲುತ್ತದೆ.
ರಾತ್ರಿಯೇ ಇಳಿಸಿಟ್ಟುಕೋ.

ಕಂತಿನ ಲ್ಯಾಪ್‌ಟಾಪ್ ಬೇಡ.
ಡಾಕ್ಟರರ ಹಳೆಯದು ಒಂದು ಉಂಟು,
ಸೊನ್ನೆ ಒತ್ತಿದರೆ ಮಾತ್ರ ಎರಡೆರಡು ಬೀಳುತ್ತದೆ.
ಬಿಲ್ಲು ಮಾಡುವಾಗ ಜಾಗ್ರತೆ!

ಮೂಳೆಗಳ ಹೆಸರು ಬಾಯಿಗೆ ಬರದಿದ್ದರೆ
ಮೀನು ಕೊಯ್ಯುವಾಗ ಹೇಳಿಕೋ. ನಾನು ಕಲಿತದ್ದು ಹಾಗೇ.
ಬಂಗುಡೆಗೆ ಇರುವುದು ಮುಳ್ಳು ಮಾರಾಯ್ತಿ, ಮೂಳೆಯಲ್ಲ
ಎಂದು ಅಮ್ಮ ನಗುತ್ತಿದ್ದಳು.

ಹತ್ತಕ್ಕೆ ಕೂತರೆ ಎರಡರವರೆಗೆ ಏಳಲಿಕ್ಕಾಗದು,
ಬಾಟಲಿಯಲ್ಲಿ ಗಂಜಿತಿಳಿ ಇರಲಿ.
ಮೊದಲು ಒಂಬತ್ತು ಸಾವಿರ ಕೊಡುತ್ತಾರೆ.
ಅದರಲ್ಲಿ ಐನೂರು, ಯಾರಿಗೂ ಹೇಳದೆ, ಪೋಸ್ಟಾಫೀಸಿಗೆ.
ಯಾರಿಗೂ ಅಂದರೆ ಯಾರಿಗೂ.
ನಾಳೆ ನಿನ್ನನ್ನು ನೋಡಲು ಬರುವವರಿಗೂ.

ಇನ್ನೊಂದು, ನಿನ್ನ ಯಾವ ವೀಡಿಯೋದಲ್ಲೂ ಇಲ್ಲದ್ದು:
ಬಿಲ್ಲು ಹಿಡಿದು
ಪರ್ಸಿನೊಳಗೇ ಎರಡು ಸಲ ಎಣಿಸುವವರ
ಮುಖ ನೋಡಬೇಡ.
ಸ್ಟೇಪ್ಲರಿನ ಪಿನ್ನು ಹುಡುಕು.

ಹದಿನಾರು ವರ್ಷದಿಂದ ಹುಡುಕುತ್ತಿದ್ದೇನೆ ನಾನು.
ಡ್ರಾಯರಿನ ತುಂಬ ಪಿನ್ನೇ ಉಂಟು.