ಒಂಬತ್ತು ಮೊಳಿ

ಬೆಟಗೇರಿ ದಾರಿಗೆ ಹೊಂಬಳ ಅವರ ಪ್ರೆಸ್ಸು.
ಕನ್ನಡದ ಮೊಳಿ ಗೋಡಿ ತುಂಬ:
ಕಾಗುಣಿತಕ್ಕೊಂದು ಮನಿ, ಒತ್ತಿಗೊಂದು ಮನಿ,
'ಕ್ಷ'ಕ್ಕ ಬ್ಯಾರೇ ಓಣಿ.
ಪೋಸ್ಟರಿನ ಇಂಗ್ಲಿಷಿಗೆ ಮಾತ್ರ
ಕಟಿಗಿ ಅಕ್ಷರದ್ದು ಒಂದ ಪೆಟಿಗಿ,
ನಡುಬಟ್ಟಿನಷ್ಟು ಉದ್ದದ್ದು.
ಹುಳ ತಿಂದದ್ದು, ಇಲಿ ಹೊತ್ತದ್ದು ಬಿಟ್ಟು
ಒಂಬತ್ತು ಉಳಿದಿದ್ದವು.

ಹತ್ತನೇತ್ತೆ ಇಂಗ್ಲಿಷಿನ್ಯಾಗ ಡುಮಕಿ ಹೊಡದು
ಅಲ್ಲೇ ಕೆಲಸಕ್ಕ ನಿಂತೆ.
ಸೀಮಿಎಣ್ಣಿ ಚಿಂದಿಲೆ ಮಸಿ ಒರಸೂದು,
ಅದರದರ ಮನಿಗೆ ಮೊಳಿ ತಿರುಗಿ ಮುಟ್ಟಸೂದು,
ದಿನಕ್ಕ ನಾಕು ರೂಪಾಯಿ.

ಇಮಾಮಸಾಬ ನದಾಫರು ಹಿರೇ ಕಂಪೋಸಿಟರು.
"ಇಂಗ್ಲಿಷ್ ನನಗ ಬರೂದಿಲ್ಲವಾ ನೀಲಾ,
ಇಂಗ್ಲಿಷ್ ಮೊಳಿ ಬರ್ತಾವ."
ಗಿರಾಕಿ ಬಂದ್ರ ರೇಟಿಗೂ ಮೊದಲ
ಅರ್ಥ ಕೇಳಾವ್ರು.

ಜೂನಿನ್ಯಾಗ ಅಸುಂಡಿ ಮಾಸ್ತರು, ಟ್ಯುಟೋರಿಯಲ್ ಪೋಸ್ಟರು:
ಇ ಡಿ ಯು ಸಿ ಎ ಟಿ ಐ ಓ ಎನ್.
"ಎಜುಕೇಶನ್. ವಿದ್ಯಾ. ಅರ್ಧ ಫೀ ಮುಂಗಡ."
ಎಡಕ್ಕ ಬಲ, ಬಲಕ್ಕ ಎಡ,
ಕನ್ನಡಿಯೊಳಗಿನ ಮಾರಿ ಹಂಗ ಜೋಡಿಸಿದ್ರು.
ಪೆಟಿಗಿ ತಳ ಕಂಡಿತು.

ಮುಂದಿನ ವಾರ ಜಿನ್ನಿಂಗ್ ಗಿರಣಿ ಗುಮಾಸ್ತ.
ಎ ಯು ಸಿ ಟಿ ಐ ಓ ಎನ್ ಇ ಡಿ.
ಇ ಡಿ ಎರಡೂ ಮುಂದಿಂದ ಹಿಂದಕ್ಕ ಸರದವು.
ಮತ್ತ ಅವ ಒಂಬತ್ತು,
ಒಂದ ಹೆಚ್ಚಲ್ಲ, ಒಂದ ಕಡಿಮಿ ಅಲ್ಲ.
"ಆಕ್ಷನ್ಡ್, ಅಂದ್ರ ಲಿಲಾವು..."
ಅಂದಾವ ಮಾತು ಮುಗಸದ
ಹೊರಗ ಹೋಗಿ ಬೀಡಿ ಹಚ್ಚಿದ.
ನಾ ಸರಿ ಒರಸಿರಲಿಲ್ಲ ಕಾಣ್ತೈತಿ,
ಲಿಲಾವಿನ ಮೊದಲನೇ ಹಾಳಿಮ್ಯಾಲ
'ಯು' ಅಂಚಿಗೆ ಅಸುಂಡಿ ಮಾಸ್ತರ ನೀಲಿ.

ಮಳಿಗಾಲ ಮುಗಿಯೂದ್ರಾಗ ಕರೆಂಟಿನ ಆಫೀಸಿನವರು.
'ಸಿ' ಎದ್ದು ಬಂದು ಎಲ್ಲಾರಕಿಂತ ಮುಂದ ಕುಂತಿತು,
ಬಸ್ಸಿನ್ಯಾಗ ಟವಲ್ ಒಗದು ಸೀಟು ಹಿಡದಂಗ.
ಅಷ್ಟ. ಕಾಶನ್ಡ್.
"ಹುಷಾರ್ ಅಂತ ಹೇಳೇವಿ,
ಇನ್ನ ಸತ್ರ ನಾವಲ್ಲ ಅಂತ ಅರ್ಥ" ಅಂದ ಲೈನ್‌ಮನ್.

ಸೀಸದ ಸಣ್ಣ ಮೊಳಿಯೊಳಗೂ ಇಂಥಾವ ಅದಾವಂತ
ನದಾಫರು ಪ್ರೂಫಿನ ಬೆನ್ನಿಗೆ ಬರದಿಟ್ಟಿದ್ರು.
ಕನ್ವರ್ಸೇಶನ್: ಮಾತುಕತಿ.
ವಿ-ಎಸ್ ಅದಲುಬದಲು ಮಾಡಿದ್ರ ಕನ್ಸರ್ವೇಶನ್:
ಕಾದಿಡೂದು. (ಫಾರೆಸ್ಟ್ ಗಾರ್ಡ ಹೇಳಿದ್ದು,
ಬಿಲ್ಲು ಇನ್ನೂ ಬಾಕಿ.)
ಇಂಪ್ರೆಶನ್ಸ್: ಒತ್ತಿದ ಗುರುತು.
ಅದನ್ನ ಕೆಡವಿ ಕಟ್ಟಿದ್ರ ಪರ್ಮಿಶನ್ಸ್: ಅಪ್ಪಣಿ.
ಅವರ ಕನ್ನಡದ ಅಕ್ಷರ ಮೊಳಿಗಿಂತ ನೆಟ್ಟಗಿದ್ದವು.

ಒಮ್ಮೆ ಕೇಳಿದೆ, "ಒಂಟಿ ಮೊಳಿಗೆ ಅರ್ಥ ಇಲ್ಲೇನ್ರಿ?"
"ಎ ಅಂದ್ರ ಒಂದು. ಐ ಅಂದ್ರ ನಾನು.
ಉಳದಾವು ಕೂಡಿ ಬಾಳ್ವೆ ಮಾಡಬೇಕು."

ಅವತ್ತ ಸಂಜಿಕ ಐ
ನನ್ನ ಡಬ್ಬಿಯೊಳಗ, ರೊಟ್ಟಿ ಅರಿವ್ಯಾಗ,
ಮನಿಗೆ ಬಂತು.
ಯಾಕ ಅಂತ ಕೇಳಬ್ಯಾಡ್ರಿ.
ತಿರುಗಿಸಿದ್ರೂ, ತಲಿಕೆಳಗ ಮಾಡಿದ್ರೂ
ಅದಕ್ಕ ಅದ ಮಾರಿ,
ಯಾವ ಕಡಿಂದ ಓದಿದ್ರೂ ಗದಗ ಗದಗನ ಆದಂಗ.

ಮುಂದಿನ ಜೂನು. ಮತ್ತ ಮಾಸ್ತರು, ಮತ್ತ ವಿದ್ಯಾ.
ನದಾಫರು ಪೆಟಿಗಿ ಜಾಲಾಡಿದ್ರು,
ನನ್ನ ಕಡೆ ನೋಡಲಿಲ್ಲ.
ಅಂಕಿ ಪೆಟಿಗಿಯಿಂದ ಒಂದು ತಂದು
ಆ ಜಾಗಾಕ್ಕ ನಿಲ್ಲಿಸಿದ್ರು.
ಒಂದಕ್ಕ ಸಣ್ಣದೊಂದು ಮೂಗಿತ್ತು.

ಸ್ಟೇಷನ್ನಿನ ಗೋಡಿಗೆ, ಟಾಕೀಜಿನ ಗೇಟಿಗೆ,
ಐನೂರು ಪೋಸ್ಟರು ಮೆತ್ತಿದ್ರು.
ನಾ ಓಣಿ ಓಣಿ ತಿರಗಿದೆ.
ನನ್ನ ಜಾಗಾದಾಗ ನಿಂತ ಮೂಗು
ಒಬ್ಬರಿಗೂ ಕಾಣಲಿಲ್ಲ,
ಅಸುಂಡಿ ಮಾಸ್ತರಿಗೂ.

ಪ್ರೆಸ್ಸು ಮುಚ್ಚೂ ವರ್ಷ ತಿರುಗಿ ಕೊಡಾಕ ಹೋದೆ.
ಚಸ್ಮಾ ಏರಿಸಿ, ಮೊಳಿಯ ಬೆನ್ನು ಸವರಿದ್ರು.
"ಇಟ್ಕೋವಾ. ನಮಗ ಅಂಕಿ ರೂಢಿ ಆತು."
ಬಾಗಲಾ ದಾಟಿದ ಮ್ಯಾಲ ಕೂಗಿ ಹೇಳಿದ್ರು:
"ಹುಳ ಹತ್ತೂ ಜಾತಿ ಅದು,
ಬೇವಿನೆಣ್ಣಿ ಹಚ್ಚತಿರು."

ಹಚ್ಚತೀನಿ.
ಗಾಳಿ ದಿನ ಕಿಡಿಕಿ ಬಡೀಬಾರದಂತ
ಸಂದಿಗೆ ಅದನ್ನ ಸಿಗಸತೀನಿ.