ಪ್ರಶ್ನೆ ಒಂಬತ್ತು

ಅರ್ಜಿ ನನ್ನದಲ್ಲ. ನಾನು ಪಕ್ಕದ ಮನೆಯವಳು,
ಹೆಸರು ಎಡ್ನಾ ಪ್ರಿಡ್ಮೋರ್, ವಯಸ್ಸು ಎಪ್ಪತ್ತಮೂರು,
ಡೆವನ್‌ಪೋರ್ಟಿನ ಈ ಬೀದಿಯಲ್ಲಿ ನಲವತ್ತು ವರ್ಷದಿಂದ.
ಎಂಟನೆಯ ಪ್ರಶ್ನೆ ಸುಲಭವಿತ್ತು: ಇವರನ್ನು ಎಷ್ಟು ಸಲ ಕಾಣುವಿರಿ?
ಬೇಲಿ ಸೊಂಟದೆತ್ತರ. ಆದ್ದರಿಂದ ದಿನಾ.
ಒಂಬತ್ತನೆಯದು ಕೇಳುತ್ತದೆ:
ಇವರ ಸಂಬಂಧ ನಿಜವೆಂದು ನಂಬುವಿರಾ?
ನಂಬಿದರೆ, ಕಾರಣ ಕೊಡಿ.
ಕಾರಣಕ್ಕೆ ಬಿಟ್ಟ ಜಾಗ ಏಳು ಗೆರೆ.

ಮೇಜಿನ ಮೇಲೆ ಮಾರಿವಿಕ್ ಹರಡಿಹೋಗಿದ್ದಾಳೆ
ಅವರ ಬಾಳನ್ನು, ತಾರೀಖಿನ ಪ್ರಕಾರ:
ಇಲೊಯಿಲೊದಿಂದ ಬಂದ ವಿಮಾನದ ಚೀಟಿ,
ಜಂಟಿ ಖಾತೆಯ ಪಟ್ಟಿ, ಮೀನು, ಪೆಟ್ರೋಲು, ಮತ್ತೆ ಮೀನು,
ಮದುವೆಯ ಫೋಟೋದಲ್ಲಿ ಡೆಸ್ಮಂಡ್ ಕಣ್ಣು ಮುಚ್ಚಿದ್ದಾನೆ,
ಅಧಿಕಾರಿ ಏನಂದುಕೊಂಡಾರೋ ಎಂದು ಅವಳಿಗೆ ದಿಗಿಲು.
ಸೀನು ಬಂದಿತ್ತಂತೆ. ಬರೆಯಲೇ ಅದನ್ನು?

ಅವನದು ರಾತ್ರಿ ಪಾಳಿ, ಹಡಗಿನಿಂದ ಸರಕು ಇಳಿಸುವುದು.
ಅವಳದು ಹಗಲು, ಮುದುಕರ ಆಶ್ರಮದಲ್ಲಿ ಮೈ ಒರೆಸುವುದು.
ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕವಂತೆ;
ಇವರು ಉಣ್ಣುವ ಹೊತ್ತೇ ಬೇರೆ, ಮಲಗುವ ಹೊತ್ತೇ ಬೇರೆ,
ಹಾಗಾಗಿ ಜಗಳ ಮುಗಿಯುವುದೇ ಇಲ್ಲ,
ಫ್ರಿಜ್ಜಿನ ಬಾಗಿಲ ಮೇಲೆ ಚೀಟಿಯಲ್ಲಿ ಮುಂದುವರಿಯುತ್ತದೆ:
‘ಬೂಟು ಹೊರಗೆ ಬಿಡು ಅಂದಿದ್ದೆ.’
‘ಬಿಟ್ಟಿದ್ದೆ. ಮಳೆ ಬಂತು.’
‘ಅನ್ನ ಕೆಳಗಿನ ತಟ್ಟೆಯಲ್ಲಿದೆ. ಸಿಟ್ಟು ಇನ್ನೂ ಇದೆ.’
ಆ ಚೀಟಿಗಳನ್ನೇ ಕೊಡೇ, ಅಂದೆ.
ಥೂ, ಕಸಕ್ಕೆ ಹೋದವು, ಎಂದು ನಕ್ಕಳು.

ವಿದ್ಯುತ್ ಬಿಲ್ಲಿದೆ, ಇಬ್ಬರ ಹೆಸರಲ್ಲಿ.
ಇಬ್ಬರಿಗೆ ಇಷ್ಟೊಂದು ಯಾಕೆ ಎಂದು ಬಿಲ್ಲು ಹೇಳುವುದಿಲ್ಲ.
ನಾನು ಹೇಳಬಲ್ಲೆ, ನಿದ್ದೆ ಬಾರದವಳು.
ಅವರ ಮುಂಬಾಗಿಲ ದೀಪ ಇರುಳಿಡೀ ಉರಿಯುತ್ತದೆ,
ಐದಕ್ಕೆ ಗೇಟಿನ ಸದ್ದು, ಆಮೇಲೆ ಕತ್ತಲು.
ಕಾಲು ಉಳುಕಿದ ವಾರವೂ ಗೋಡೆ ಹಿಡಿದು
ಕುಂಟುತ್ತ ಬಂದು ಹಚ್ಚಿದ್ದಳು.
ಅವತ್ತೂ ಜಗಳವಿತ್ತು.

ನನಗೂ ಒಬ್ಬನಿದ್ದ, ಆರ್ಚೀ.
ನಮ್ಮಲ್ಲಿ ಎಲ್ಲ ಕಾಗದವೂ ಇತ್ತು:
ಪ್ರಮಾಣಪತ್ರ, ಮೂರು ಆಲ್ಬಮ್ಮು, ಒಂದೇ ಪಾಸ್‌ಬುಕ್ಕು.
ಯಾವ ಸರ್ಕಾರವೂ ನಮ್ಮನ್ನು ಅನುಮಾನಿಸುತ್ತಿರಲಿಲ್ಲ.
ಕೊನೆಯ ಹನ್ನೊಂದು ವರ್ಷ ನಾವು ಮಾತಾಡಿದ್ದು
ನಾಯಿಯ ಮೂಲಕ.
ನಾಯಿ ಸತ್ತಮೇಲೆ, ಟಿವಿಯ ಮೂಲಕ.
ಈ ಮಾತು ಏಳು ಗೆರೆಯೊಳಗೆ ಬರುವಂಥದಲ್ಲ,
ಅವರು ಕೇಳಿಯೂ ಇಲ್ಲ.

ಬೆಳಗಾದರೆ ಔಷಧಿ ಅಂಗಡಿಯ ಹುಡುಗನೆದುರು ಸಹಿ ಹಾಕಬೇಕು;
ಸುಳ್ಳಾದರೆ ಶಿಕ್ಷೆ ಎಂದು ಕೆಳಗೆ ಸಣ್ಣಕ್ಷರ.
ಮೂರು ಸಲ ಹೊಡೆದುಹಾಕಿ ಬರೆದೆ: ‘ಒಳ್ಳೆಯ ಜೋಡಿ.’
ಅಂಚೆಯವನೂ ಬರೆಯಬಹುದಾದ ಮಾತು.
ನಿಜ ಎಂದು ಬರೆದೊಡನೆ ನಿಜ ಎಷ್ಟು ತೆಳ್ಳಗಾಗುತ್ತದೆ,
ಬಸಿದ ಚಹದ ಸೊಪ್ಪಿಗೆ ಮತ್ತೆ ನೀರು ಹುಯ್ದ ಹಾಗೆ.
ಕೊನೆಗೆ ದೀಪದ ವಿಷಯವನ್ನೇ ಬರೆದೆ,
ವ್ಯಾಟಿನ ಲೆಕ್ಕ ಸಮೇತ.
ಓದುವವರು ನಗಲಿ.

ಇವತ್ತು ಕಡಲ ಮೇಲೆ ಗಾಳಿ ಜೋರು, ಹಡಗು ತಡ.
ಐದಾಯಿತು. ಆರಾಯಿತು. ಆರಿಲ್ಲ ದೀಪ.
ಏಳನೆಯ ಗೆರೆ ಇನ್ನೂ ಖಾಲಿ,
ಪರದೆ ಸರಿಸಿ, ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ
ಗೇಟು ಕಿರುಗುಟ್ಟಲಿ ಎಂದು.
ಅತ್ತ ಅವಳ ಕಿಟಕಿಯಲ್ಲೂ
ಪರದೆ ಅಲುಗಿತು.